ಕೆವಿಎಂ ಸ್ವಿಚ್‌ಗೆ (ಒಂದೇ ಪರದೆ, ಕೀಬೋರ್ಡನ್ನು ಹಲವು ಸರ್ವರ್‌ಗಳ ನಡುವೆ ಬದಲಿಸುವ ಪೆಟ್ಟಿಗೆಗೆ) ಜೋಡಿಸಿದ ಸರ್ವರ್‌ನಲ್ಲಿ, ಲಿನಕ್ಸ್ ಏಳುವ ಮೊದಲು ಬರುವ ಗ್ರಬ್ ಎಂಬ ಬೂಟ್ ಪಟ್ಟಿಯಲ್ಲಿ ದೂರದಿಂದ ಒತ್ತಿದ ಕೀಲಿ ಕೆಲಸ ಮಾಡುವುದಿಲ್ಲ, ಲಿನಕ್ಸ್ ಬಂದ ಮೇಲೆ ಸರಿಯಾಗಿರುತ್ತದೆ. ಬಳಕೆಯಿಲ್ಲದ ಯುಎಸ್‌ಬಿ ಸಾಧನವನ್ನು ತಾನಾಗಿ ಮಲಗಿಸುವ ಆಟೋಸಸ್ಪೆಂಡ್ ನಿಲ್ಲಿಸಿದರೆ ಸಾಕೇ?

ಲಿನಕ್ಸ್ ಬಂದ ಮೇಲೆ ಕೀಬೋರ್ಡ್ ಸರಿಯಾಗಿರುತ್ತದೆ ಎಂದು ನೀವು ಬರೆದದ್ದನ್ನು ಓದಿದ ಕೂಡಲೇ ನನಗೆ ಶಿವಮೊಗ್ಗದ ಒಂದು ಭಾನುವಾರ ನೆನಪಾಯಿತು. ಅಲ್ಲಿಯ ಕಾಲೇಜೊಂದರ ನಾಲ್ಕು ಹಳೆಯ ಸರ್ವರ್‌ಗಳನ್ನು ನಾನು ಬೆಂಗಳೂರಿನಿಂದ ನೋಡಿಕೊಳ್ಳುತ್ತಿದ್ದೆ. ನಾಲ್ಕಕ್ಕೂ ಸೇರಿ ಒಂದು ಅಗ್ಗದ ಕೆವಿಎಂ ಸ್ವಿಚ್ ಇತ್ತು, ಅದಕ್ಕೆ ಪರದೆ, ಕೀಬೋರ್ಡನ್ನು ನೆಟ್‌ವರ್ಕ್ ಮೂಲಕ ದೂರಕ್ಕೆ ತಲುಪಿಸುವ ಒಂದು ಐಪಿ ಕೆವಿಎಂ ಪೆಟ್ಟಿಗೆಯನ್ನು ಜೋಡಿಸಿದ್ದೆ. ಸ್ಕ್ರಾಲ್ ಲಾಕ್ ಎರಡು ಸಲ ಒತ್ತಿ ಅಂಕಿ ಒತ್ತಿದರೆ ಬೇಕಾದ ಸರ್ವರ್ ಪರದೆಗೆ ಬರುತ್ತಿತ್ತು. ಅಂದು ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಬರಿದಾಗಿ, ಬಂದ ಕರೆಂಟ್ ಸರ್ವರ್‌ಗಳು ಏಳುವಷ್ಟರಲ್ಲಿ ಮತ್ತೆ ಹೋಗಿ ಬಂತು. ಬೂಟ್ ಅರ್ಧಕ್ಕೆ ನಿಂತಿದ್ದರಿಂದ ಅವುಗಳಲ್ಲಿದ್ದ ಹಳೆಯ ಉಬುಂಟು ಲಿನಕ್ಸ್‌ನ ಗ್ರಬ್, ಯಾರಾದರೂ ಎಂಟರ್ ಒತ್ತುವವರೆಗೂ ಕದಲದೆ ನಿಂತುಬಿಟ್ಟಿತು. ನನ್ನ ಎಂಟರ್‌ಗೆ ಮೊದಲನೆಯ ಸರ್ವರ್ ಮಾತ್ರ ಓಗೊಟ್ಟಿತು.

ತಪ್ಪು ಪೂರ್ತಿ ನನ್ನದು. ಯಂತ್ರ ಏಳುವಾಗ ಮೊದಲು ಓಡುವ ಬಯಾಸ್‌ನಲ್ಲಿ, ಲಿನಕ್ಸ್ ಬರುವ ಮೊದಲೂ ಯುಎಸ್‌ಬಿ ಕೀಬೋರ್ಡ್ ಕೆಲಸ ಮಾಡುವಂತೆ ನೋಡಿಕೊಳ್ಳುವ ‘ಲೆಗಸಿ ಯುಎಸ್‌ಬಿ ಸಪೋರ್ಟ್’ ಎಂಬುದನ್ನು ನಾನು ‘ಆಟೋ’ದಲ್ಲಿ ಇಟ್ಟಿದ್ದೆ. ಆಟೋ ಎಂದರೆ ಅದೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ನಂಬಿದ್ದೆ. ನಿಜವಾಗಿ ಅದರ ಅರ್ಥ, ಯಂತ್ರ ಏಳುವ ಹೊತ್ತಿಗೆ ಯಾವ ಯುಎಸ್‌ಬಿ ಸಾಧನವೂ ಕಾಣದಿದ್ದರೆ ಆ ಬೆಂಬಲವನ್ನೇ ಕೈಬಿಡುವುದು. ಅಗ್ಗದ ಸ್ವಿಚ್ ಆಯ್ಕೆಯಾದ ಪೋರ್ಟ್‌ಗಷ್ಟೇ ಕೀಬೋರ್ಡನ್ನು ಜೋಡಿಸುತ್ತದೆ, ಉಳಿದ ಮೂರು ಸರ್ವರ್‌ಗಳ ಮಟ್ಟಿಗೆ ಕೀಬೋರ್ಡ್ ಕಿತ್ತಿಟ್ಟಂತೆಯೇ. ಹಳೆಯ ಬಯಾಸ್ ಕ್ರಮದಲ್ಲಿ ಗ್ರಬ್ ಕೀಲಿಗಳನ್ನು ಬಯಾಸ್‌ನಿಂದಲೇ ಕೇಳಿ ಪಡೆಯುತ್ತದೆ, ಲಿನಕ್ಸ್ ಮಾತ್ರ ತನ್ನದೇ ಡ್ರೈವರ್ ತರುತ್ತದೆ. ನಾನು ಪರೀಕ್ಷೆ ಮಾಡಿರಲಿಲ್ಲವೆಂದಲ್ಲ. ಆದರೆ ಪ್ರತಿ ಸಲವೂ ಪರದೆಯ ಮೇಲಿದ್ದ ಸರ್ವರನ್ನೇ ಮರುಚಾಲನೆ ಮಾಡಿ, ಎಲ್ಲವೂ ಸರಿಯಿದೆ ಎಂದುಕೊಂಡಿದ್ದೆ. ದೂರದಿಂದ ಪವರ್ ಗುಂಡಿ ಒತ್ತುವ ಏರ್ಪಾಟು ಇರಲಿಲ್ಲ, ಕಾಲೇಜಿಗೆ ಬೀಗ ಬಿದ್ದಿತ್ತು. ರಾತ್ರಿ ಬಸ್ಸಿನಲ್ಲಿ ಹೋಗಿ ಮೂರು ಸಲ ಎಂಟರ್ ಒತ್ತುವುದಕ್ಕಾಗಿ ಸೋಮವಾರ ಬೆಳಿಗ್ಗೆ ಕಾವಲುಗಾರನನ್ನು ಎಬ್ಬಿಸಿದೆ.

ಆದ್ದರಿಂದ ಆಟೋಸಸ್ಪೆಂಡ್ ಕುರಿತ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ವಿಷಯ, ಗ್ರಬ್ ಹೊತ್ತಿನಲ್ಲಿ ಕರ್ನಲ್ ಇನ್ನೂ ಬಂದಿರುವುದೇ ಇಲ್ಲ. ಬಂದ ಮೇಲೂ ಲಿನಕ್ಸ್ ತಾನಾಗಿ ಮಲಗಿಸುವುದು ಸಾಮಾನ್ಯವಾಗಿ ಹಬ್‌ಗಳನ್ನು (ಒಂದು ಪೋರ್ಟ್‌ಗೆ ಹಲವು ಸಾಧನ ಜೋಡಿಸುವ ಪೆಟ್ಟಿಗೆಗಳನ್ನು) ಮಾತ್ರ. ಲೆಗಸಿ ಯುಎಸ್‌ಬಿಯನ್ನು ‘ಎನೇಬಲ್ಡ್’ ಮಾಡಿ. ಹೊಸ ಸ್ವಿಚ್ ಕೊಳ್ಳುವುದಾದರೆ ಆಯ್ಕೆಯಾಗದ ಪೋರ್ಟ್‌ಗಳಿಗೂ ಕೀಬೋರ್ಡ್ ಇದೆಯೆಂದು ತೋರಿಸುವ ಎಮ್ಯುಲೇಶನ್ ಉಳ್ಳದ್ದನ್ನೇ ಕೊಳ್ಳಿ. ಐಪಿ ಕೆವಿಎಂನ ಕೇಬಲ್ ಸ್ವಿಚ್‌ನ ಕೀಬೋರ್ಡ್ ಪೋರ್ಟ್‌ನಲ್ಲಿ ಇರಲಿ, ಪಕ್ಕದ ಹಬ್ ಪೋರ್ಟ್‌ನಲ್ಲಿ ಬೇಡ; ಅಲ್ಲಿಟ್ಟರೆ ಸ್ಕ್ರಾಲ್ ಲಾಕ್ ಒತ್ತಿದ್ದು ಸ್ವಿಚ್‌ಗೆ ತಿಳಿಯುವುದಿಲ್ಲ. ನಿಮ್ಮ ಸರ್ವರ್‌ನಲ್ಲಿ ಬಿಎಂಸಿ (ಸರ್ವರನ್ನು ದೂರದಿಂದ ನಿಭಾಯಿಸಲು ಅದರೊಳಗೇ ಇರುವ ಪುಟ್ಟ ಕಂಪ್ಯೂಟರ್) ಇದ್ದರೆ ಈ ಸ್ವಿಚ್ಚಿನ ಗೊಡವೆಯೇ ಬೇಡ ಎನ್ನುತ್ತೇನೆ, ಪರದೆ, ಕೀಬೋರ್ಡ್, ಪವರ್ ಗುಂಡಿ ಮೂರೂ ಸಾಮಾನ್ಯವಾಗಿ ಅದರಲ್ಲಿಯೇ ದೊರೆಯುತ್ತವೆ.

ಬದಲಾವಣೆ ಮಾಡಿದ ನಂತರ ಸ್ವಿಚ್ಚನ್ನು ಒಂದನೆಯ ಪೋರ್ಟ್‌ನಲ್ಲಿ ಬಿಟ್ಟು ಎರಡನೆಯ ಸರ್ವರನ್ನು ಮರುಚಾಲನೆ ಮಾಡಿ, ಗ್ರಬ್ ಬಂದ ಮೇಲಷ್ಟೇ ಅದಕ್ಕೆ ತಿರುಗಿಸಿ, ಬಾಣದ ಕೀಲಿ ಪಟ್ಟಿಯಲ್ಲಿ ಚಲಿಸುತ್ತದೆಯೇ ನೋಡಿ. ಇದನ್ನು ಸರ್ವರ್ ಎದುರಿಗೆ ನಿಂತಿರುವಾಗಲೇ ಮಾಡಿ.