ಇನ್ವರ್ಟರ್‌ಗಳು ತಮ್ಮ ನಿಯಂತ್ರಣವನ್ನು ತಾವೇ ಕಲಿಯಬಲ್ಲವೇ?

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ. ಮುಖ್ಯ ಗ್ರಿಡ್‌ನಿಂದ ಬೇರ್ಪಟ್ಟ ಮೈಕ್ರೊಗ್ರಿಡ್‌ನಲ್ಲಿ (ಸಣ್ಣ ಸ್ಥಳೀಯ ವಿದ್ಯುತ್ ಜಾಲ) ಕೇಂದ್ರ ನಿಯಂತ್ರಕವಿಲ್ಲದೆ, ಪ್ರತಿ ಇನ್ವರ್ಟರ್ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ (ಮಾಡಿ ನೋಡಿ, ಸಿಕ್ಕ ಪ್ರತಿಫಲದಿಂದ ಕಲಿಯುವ ವಿಧಾನ) ಮೂಲಕ ತನ್ನ ನಿಯಂತ್ರಣವನ್ನು ಕಲಿಯುವಂತೆ ಮಾಡಬಹುದೇ? ಆಗ ಡ್ರೂಪ್ ನಿಯಂತ್ರಣವನ್ನು (ಲೋಡ್ ಹೆಚ್ಚಿದಂತೆ ಇನ್ವರ್ಟರ್ ತನ್ನ ಫ್ರೀಕ್ವೆನ್ಸಿಯನ್ನು ತುಸು ಇಳಿಸುವ ವಿಧಾನ) ಕೈಬಿಡಬಹುದೇ?

ಉತ್ತರ: ಕಲಿಸಬಹುದು, ಆದರೆ ಡ್ರೂಪ್ ಅನ್ನು ದಯವಿಟ್ಟು ಕೈಬಿಡಬೇಡಿ. ಅದರ ಕೆಲಸವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. 10 ಮತ್ತು 5 ಕಿಲೋವ್ಯಾಟ್‌ನ ಎರಡು ಇನ್ವರ್ಟರ್‌ಗಳು ಶೇ 1ರ ಡ್ರೂಪ್‌ನೊಂದಿಗೆ (ಪೂರ್ಣ ಲೋಡ್‌ನಲ್ಲಿ ಫ್ರೀಕ್ವೆನ್ಸಿ ಶೇ 1, ಅಂದರೆ 0.5 ಹರ್ಟ್ಸ್ ಇಳಿಯುವಂತೆ) 9 ಕಿಲೋವ್ಯಾಟ್ ಲೋಡ್ ಹೊತ್ತಿವೆ ಎಂದಿಟ್ಟುಕೊಳ್ಳಿ. ಫ್ರೀಕ್ವೆನ್ಸಿ 50ರಿಂದ 49.7 ಹರ್ಟ್ಸ್‌ಗೆ ಇಳಿಯುತ್ತದೆ, ಲೋಡ್ 6 ಮತ್ತು 3 ಕಿಲೋವ್ಯಾಟ್ ಆಗಿ ಸಾಮರ್ಥ್ಯಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ. ಸ್ಥಿರ ಸ್ಥಿತಿಯಲ್ಲಿ ಫ್ರೀಕ್ವೆನ್ಸಿ ಇಡೀ ಜಾಲದಲ್ಲಿ ಒಂದೇ ಆಗಿರುವುದರಿಂದ ಈ ಹಂಚಿಕೆಗೆ ಯಾವ ಸಂವಹನವೂ ಬೇಕಿಲ್ಲ.

ಕಲಿಕೆಗೆ ನಿಜವಾದ ಜಾಗವಿರುವುದು ಅದರ ಮೇಲಿನ ಹಂತದಲ್ಲಿ, ಅಂದರೆ ಇಳಿದ 0.3 ಹರ್ಟ್ಸ್ ಅನ್ನು ಮರಳಿ ಏರಿಸುವಲ್ಲಿ. ಇಲ್ಲಿ ದೊಡ್ಡ ಇನ್ವರ್ಟರ್ ಒಂದೇ ತನ್ನ ಸೆಟ್‌ಪಾಯಿಂಟನ್ನು (ಲೋಡ್ ಇಲ್ಲದಾಗಿನ ಫ್ರೀಕ್ವೆನ್ಸಿ) 0.3 ಹರ್ಟ್ಸ್ ಏರಿಸಿದರೆ ಫ್ರೀಕ್ವೆನ್ಸಿ 49.9ಕ್ಕೆ ಬರುತ್ತದೆ, ಆದರೆ ಹಂಚಿಕೆ 8 ಮತ್ತು 1 ಕಿಲೋವ್ಯಾಟ್‌ಗೆ ಕೆಡುತ್ತದೆ. ಪ್ರತಿಫಲವನ್ನು ಫ್ರೀಕ್ವೆನ್ಸಿಯ ಮೇಲಷ್ಟೇ ನಿಲ್ಲಿಸಿದರೆ ಏಜೆಂಟ್‌ಗಳು (ಪ್ರತಿ ಇನ್ವರ್ಟರ್‌ನಲ್ಲಿ ಕಲಿಯುವ ಪ್ರೋಗ್ರಾಮ್‌ಗಳು) ಇಂಥ ಪರಿಹಾರವನ್ನೇ ಉತ್ತಮವೆಂದು ಕಲಿಯಬಹುದು. ಆದ್ದರಿಂದ ಪ್ರತಿ ಏಜೆಂಟ್ ತನ್ನ ಫ್ರೀಕ್ವೆನ್ಸಿ, ವೋಲ್ಟೇಜ್‌ಗಳ ಜೊತೆಗೆ, ನೆರೆಯ ಇನ್ವರ್ಟರ್ ತನ್ನ ಸಾಮರ್ಥ್ಯದ ಎಷ್ಟು ಭಾಗ ಹೊತ್ತಿದೆ ಎಂಬುದನ್ನೂ ನೋಡುವಂತಿರಬೇಕು, ಆ ಭಾಗಗಳ ನಡುವಿನ ಅಂತರಕ್ಕೆ ಪ್ರತಿಫಲದಲ್ಲಿ ದಂಡವಿರಬೇಕು.

ಎಲ್ಲರೂ ಒಟ್ಟಿಗೆ ಕಲಿಯುವಾಗ ಇನ್ನೊಂದು ತೊಡಕಿದೆ. ಒಂದು ಏಜೆಂಟ್‌ನ ಅನುಭವ, ಪಕ್ಕದ ಏಜೆಂಟ್ ತನ್ನ ನೀತಿಯನ್ನು (ಯಾವ ಸ್ಥಿತಿಯಲ್ಲಿ ಏನು ಮಾಡಬೇಕೆಂಬ ನಿಯಮ) ಬದಲಿಸಿದ ಕೂಡಲೇ ಹಳತಾಗುತ್ತದೆ. ಇದಕ್ಕಾಗಿಯೇ ತರಬೇತಿಯ ವೇಳೆ ಎಲ್ಲರ ಸ್ಥಿತಿಯನ್ನೂ ನೋಡಬಲ್ಲ ಕ್ರಿಟಿಕ್ (ಏಜೆಂಟ್‌ಗಳ ಹೆಜ್ಜೆ ಎಷ್ಟು ಒಳ್ಳೆಯದೆಂದು ಅಂದಾಜಿಸುವ ಭಾಗ) ಇಟ್ಟು, ಬಳಕೆಯ ವೇಳೆ ಸ್ಥಳೀಯ ಮಾಹಿತಿಯಿಂದಲೇ ನಡೆಯುವ ವಿಧಾನವನ್ನು ಆರಿಸಿಕೊಳ್ಳಿ. ತರಬೇತಿ ಸಿಮ್ಯುಲೇಶನ್‌ನಲ್ಲೇ ನಡೆಯಲಿ, ಏಕೆಂದರೆ ಕಲಿಯುವ ಏಜೆಂಟ್ ತಪ್ಪು ಹೆಜ್ಜೆಗಳನ್ನೂ ಇಟ್ಟು ನೋಡುತ್ತದೆ. ಸಂದೇಶ ತಡವಾಗುವುದು, ಲೈನ್ ಕಡಿತವಾಗುವುದು, ಮೋಡ ಕವಿದು ಸೌರ ಉತ್ಪಾದನೆ ಕುಸಿಯುವುದು, ಇವೆಲ್ಲ ಅದರಲ್ಲಿ ಬರಲಿ. ಏಜೆಂಟ್ ಕೊಡುವ ತಿದ್ದುಪಡಿಗೆ ಕಟ್ಟುನಿಟ್ಟಿನ ಮಿತಿ ಹಾಕಿ, ನೆರೆಯ ಸಂದೇಶ ನಿಂತರೆ ಇನ್ವರ್ಟರ್‌ಗಳೆಲ್ಲ ಬರಿಯ ಡ್ರೂಪ್‌ಗೆ ಮರಳುವಂತೆ ಮಾಡಿ.

ಫ್ರೀಕ್ವೆನ್ಸಿಯನ್ನು ಮರಳಿ ತರುವುದಷ್ಟೇ ಗುರಿಯಾದರೆ, ನೆರೆಯವರ ಮೌಲ್ಯಗಳನ್ನು ಹೋಲಿಸುತ್ತ ನಡೆಯುವ ಸರಳ ಪಿಐ ನಿಯಂತ್ರಕವೇ (ಈಗಿನ ತಪ್ಪು ಮತ್ತು ಕೂಡುತ್ತ ಬಂದ ತಪ್ಪು ಎರಡನ್ನೂ ನೋಡಿ ತಿದ್ದುವಂಥದ್ದು) ಸಾಕು, ಅದರ ಸ್ಥಿರತೆಯನ್ನು ಗಣಿತದಿಂದ ಸಾಧಿಸಿಯೂ ತೋರಿಸಬಹುದು. ಲೋ-ಟೆನ್ಶನ್ ಲೈನ್‌ಗಳಲ್ಲಿ ಪ್ರತಿರೋಧವೇ ಪ್ರಧಾನವಾಗಿ ವೋಲ್ಟೇಜ್ ಸಕ್ರಿಯ ಶಕ್ತಿಯನ್ನೂ (ಕಿಲೋವ್ಯಾಟ್‌ನಲ್ಲಿ ಅಳೆಯುವ ಶಕ್ತಿ) ಅವಲಂಬಿಸುವಲ್ಲಿ, ಬ್ಯಾಟರಿಯನ್ನು ಸಂಜೆಯ ಲೋಡ್‌ಗೆಂದು ಕಾಯ್ದಿರಿಸಬೇಕಾದಲ್ಲಿ, ಕಲಿಕೆ ಹೆಚ್ಚು ಫಲ ಕೊಡುತ್ತದೆ. ನಿಮ್ಮ ಪ್ರಾಜೆಕ್ಟ್‌ಗೆ ನಾನು ಸೂಚಿಸುವುದು ವೋಲ್ಟೇಜ್ ಸಮಸ್ಯೆಯನ್ನೇ. ಅದರಲ್ಲೂ ಫಲಿತಾಂಶವನ್ನು ಪಿಐ ನಿಯಂತ್ರಕದ ಪಕ್ಕದಲ್ಲಿಟ್ಟು ಹೋಲಿಸಿ.