‘ಟಕ್’ ಅಂದರೆ ಕಾಯಿರಿ, ‘ಠುಸ್’ ಅಂದರೆ ನಿಲ್ಲಿಸಿ

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರವಾದಂತೆ ಕೊಡಗಿನಿಂದ ಅವೇ ಪ್ರಶ್ನೆಗಳು ಬರುತ್ತವೆ. ಮೂರು ತಿಂಗಳು ಮಳೆಯ ತೇವ ಕುಡಿದ ತೋಟಾಗಳನ್ನು ಸೆಪ್ಟೆಂಬರ್‌ನಲ್ಲಿ ತೆಗೆದು ನೇರ ಹಬ್ಬದ ಸ್ಪರ್ಧೆಯ ತೆಂಗಿನಕಾಯಿಗೆ ಗುರಿಯಿಟ್ಟರೆ ಇನ್ನೇನಾದೀತು? ಕೋವಿ ಹಿಡಿಯುವ ಪಾಠ ಇಲ್ಲಿಲ್ಲ. ಅದು ಗೊತ್ತಿಲ್ಲದವರು ತೋಟಾ ಮುಟ್ಟಲೇಬಾರದು.

ಪ್ರಶ್ನೆ: .315 ರೈಫಲ್‌ನ ಕುದುರೆ ಎಳೆದಾಗ ‘ಟಕ್’ ಅಂದಿತು, ಈಡು ಹಾರಲಿಲ್ಲ. ಕೂಡಲೇ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಎಳೆದು ಇನ್ನೊಂದು ತೋಟಾ ಹಾಕಿದೆ, ಅದು ‘ಠುಸ್’ ಅಂದಿತು. ಮೂರನೆಯದನ್ನು ಹೊಡೆಯಲು ಪಕ್ಕದವರು ಬಿಡಲಿಲ್ಲ. ಅಷ್ಟು ಹೆದರಬೇಕಿತ್ತೇ?

ಉತ್ತರ: ಪಕ್ಕದವರನ್ನು ಕರೆದು ಪಂದಿಕರಿ ಊಟ ಹಾಕಿಸಿ. ನಿಮ್ಮ ಕೈ, ಕಣ್ಣು ಉಳಿದಿದ್ದು ಅವರಿಂದ.

ಮೊದಲು ‘ಟಕ್’. ತೋಟಾದ ಹಿಂಬದಿಯಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಪ್ರೈಮರ್ ನಿಧಾನವಾಗಿ ಹೊತ್ತಿ, ಮದ್ದು ತಡವಾಗಿ ಸಿಡಿಯುವುದುಂಟು. ಬೋಲ್ಟ್ ಮುಚ್ಚಿದ್ದಾಗ ಒತ್ತಡವನ್ನು ಉಕ್ಕು ತಡೆಯುತ್ತದೆ. ತೆರೆದ ಬೋಲ್ಟ್‌ನಲ್ಲಿ ಸಿಡಿದರೆ ತೋಟಾದ ತೆಳು ಹಿತ್ತಾಳೆ ಕೇಸ್ ಚೂರುಚೂರಾಗಿ ಮುಖಕ್ಕೇ ಹಾರುತ್ತದೆ. ಆದ್ದರಿಂದ ನಳಿಗೆ ಗುರಿಯ ಹಿಂದಿನ ಮಣ್ಣಿನ ದಿಬ್ಬಕ್ಕೇ ಇರಲಿ, ಬೆರಳು ಕುದುರೆಯಿಂದ ಹೊರಗೆ ಬರಲಿ, ಬೋಲ್ಟ್ ಮುಟ್ಟಬೇಡಿ. 30 ಸೆಕೆಂಡ್ ಸಾಕು ಅನ್ನುವವರಿದ್ದಾರೆ, ನಾನು 60 ಎಣಿಸುತ್ತೇನೆ. ಆಮೇಲೆ ಮುಖವನ್ನು ಬದಿಗಿಟ್ಟು ತೋಟಾ ತೆಗೆಯಿರಿ.

ತೆಗೆದದ್ದರ ಹಿಂಬದಿ ನೋಡಿ. ಪ್ರೈಮರ್ ನಡುವೆ ಆಳವಾದ ಗುಳಿ ಬಿದ್ದಿದ್ದರೆ ದೋಷ ಬಹುಮಟ್ಟಿಗೆ ತೋಟಾದ್ದು. ಗುಳಿ ಮೇಲುಮೇಲೆ ಇದ್ದರೆ ಪ್ರೈಮರ್‌ಗೆ ಬಡಿಯುವ ಸೂಜಿಯ ಸ್ಪ್ರಿಂಗ್ ಸೋತಿದೆ, ಇಲ್ಲವೇ ಹಳೆಯ ಗ್ರೀಸ್ ಬೋಲ್ಟ್‌ನೊಳಗೆ ಗಟ್ಟಿಯಾಗಿದೆ. ಗುಳಿಯೇ ಇಲ್ಲವೆಂದರೆ ಸೂಜಿ ಮುರಿದಿದೆ ಅಥವಾ ಬೋಲ್ಟ್ ಪೂರ್ತಿ ತಿರುಗಿಲ್ಲ. ಈ ಎರಡಕ್ಕೂ ತೋಟಾವನ್ನು ಬೈದು ಫಲವಿಲ್ಲ, ಕೋವಿಯನ್ನು ರಿಪೇರಿಯವರಿಗೆ ಕೊಡಿ. ಹುಸಿ ಹೋದ ತೋಟಾವನ್ನು ಮತ್ತೆ ಹಾಕಿ ‘ಇನ್ನೊಂದು ಪೆಟ್ಟು’ ಕೊಡುವ ಚಟ ಬಿಡಿ. ಒಳ್ಳೆಯ ತೋಟಾಗಳ ಜೇಬಿಗೂ ಅದು ಹೋಗಬಾರದು.

ಇನ್ನು ‘ಠುಸ್’. ಇದೇ ನಿಜವಾದ ಅಪಾಯ. ಮದ್ದು ಒದ್ದೆಯಾಗಿದ್ದರೆ, ಅಥವಾ ಮದ್ದೇ ಇಲ್ಲದಿದ್ದರೆ, ಪ್ರೈಮರ್‌ನ ಬಲವೊಂದೇ ಗುಂಡನ್ನು ನಳಿಗೆಯೊಳಕ್ಕೆ ತುಸು ದೂರ ನೂಕಿ ನಿಲ್ಲಿಸುತ್ತದೆ. ಸದ್ದು ಸಣ್ಣದು, ಭುಜಕ್ಕೆ ಒದೆತವಿಲ್ಲ, ಗುರಿಯಲ್ಲಿ ತೂತಿಲ್ಲ. ಬೋಲ್ಟ್ ತೆರೆದಾಗ ಉರಿಯದ ಮದ್ದಿನ ಕಾಳು ಉದುರಬಹುದು. ‘ಟಕ್’ ಅಂದ ತೋಟಾದಲ್ಲೂ ಮುಂದೆ ಗುಂಡು ಇದೆಯೇ ಎಂದು ನೋಡಿ. ಖಾಲಿ ಕೇಸ್ ಬಂದಿದ್ದರೆ ಗುಂಡು ಒಳಗೇ ಇದೆ. ಅದರ ಹಿಂದೆ ಇನ್ನೊಂದು ಹೊಡೆದರೆ ಒತ್ತಡಕ್ಕೆ ದಾರಿಯಿಲ್ಲ. ಪುಣ್ಯವಿದ್ದರೆ ನಳಿಗೆ ಉಂಗುರದಂತೆ ಉಬ್ಬುತ್ತದೆ, ಇಲ್ಲದಿದ್ದರೆ ಸೀಳುತ್ತದೆ.

‘ಠುಸ್’ ಆದಾಗಲೂ ಅದೇ 60 ಎಣಿಕೆ. ನಂತರ ಮ್ಯಾಗಜಿನ್, ತೋಟಾ ಕೂರುವ ಚೇಂಬರ್ ಖಾಲಿ ಮಾಡಿ, ಬೋಲ್ಟನ್ನೇ ಹೊರತೆಗೆದು ಹಿಂಬದಿಯಿಂದ ನೋಡಿ. ಬೆಳಕು ದುಂಡಗೆ ಕಂಡರೆ ನಳಿಗೆ ತೆರವು. ಒಳಗೆ ಕಪ್ಪು ಉಂಗುರದ ನೆರಳು ಕಂಡರೆ ಅದು ಉಬ್ಬು, ಆ ನಳಿಗೆಯ ಆಯಸ್ಸು ಮುಗಿಯಿತು. ಬೆಳಕೇ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಕಬ್ಬಿಣದ ಸರಳು ಹಾಕಿ ಸುತ್ತಿಗೆಯಿಂದ ಬಡಿದರೆ ಗುಂಡನ್ನು ತಿರುಗಿಸುವ ನಳಿಗೆಯೊಳಗಿನ ಗೀರುಗಳು ಹಾಳಾಗುತ್ತವೆ. ಚೇಂಬರ್‌ನಲ್ಲಿ ಜೀವಂತ ತೋಟಾ ಸಿಕ್ಕಿಕೊಂಡಿದ್ದರೆ ಮುಂದೆ ಹೇಳಬೇಕಿಲ್ಲ. ಸಿಕ್ಕಿಕೊಂಡದ್ದನ್ನು ತೆಗೆಯುವ ಕೆಲಸ ಪರವಾನಗಿ ಇರುವ ರಿಪೇರಿಯವರದ್ದು.

ಪ್ರಶ್ನೆ: ಅಜ್ಜನ ಚರ್ಮದ ಬೆಲ್ಟ್‌ನಲ್ಲಿದ್ದ ತೋಟಾಗಳಿಗೆ ಹಸಿರು ಕಿಲುಬು ಹಿಡಿದಿದೆ. ಬಳಸಬಹುದೇ?

ಉತ್ತರ: ಚರ್ಮ ಹದ ಮಾಡುವ ಟ್ಯಾನಿನ್ ಆಮ್ಲವೇ ಹಿತ್ತಾಳೆ ತಿನ್ನುತ್ತದೆ, ಬೆಲ್ಟ್ ಹಬ್ಬದ ದಿನ ಸೊಂಟಕ್ಕಿರಲಿ, ತೋಟಾಗೆ ಅದು ಮನೆಯಲ್ಲ. ಒಣಬಟ್ಟೆಗೆ ಕಲೆ ಹೋಗಿ ಲೋಹ ನುಣುಪಾಗಿ ಉಳಿದರೆ ಸರಿ. ಉಗುರಿಗೆ ಕುಳಿ ಸಿಕ್ಕರೆ, ಕೇಸ್‌ನ ಕತ್ತಿನಲ್ಲಿ ಕೂದಲೆಳೆಯ ಬಿರುಕಿದ್ದರೆ, ಗುಂಡು ಬೆರಳಿಗೆ ಅಲುಗಾಡಿದರೆ ಅಥವಾ ಒಳಕ್ಕೆ ಕುಸಿದಿದ್ದರೆ ಬೇಡ. ಕುಸಿದ ಗುಂಡು ಒಳಗಿನ ಜಾಗ ಕಿರಿದಾಗಿಸಿ ಒತ್ತಡ ಏರಿಸುತ್ತದೆ. ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿದಾಗ ತೋಟಾ ತೂಗಾಡಿದರೆ ಪ್ರೈಮರ್ ಉಬ್ಬಿದೆ, ಅದೂ ಬೇಡ. ನಾನಾದರೆ ಅಜ್ಜನ ಕಾಲದ ಯಾವುದನ್ನೂ ಹೊಡೆಯುವುದಿಲ್ಲ.

ಪ್ರಶ್ನೆ: ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗಿಟ್ಟರೆ?

ಉತ್ತರ: ಎಣ್ಣೆ ಪ್ರೈಮರ್‌ಗೆ ಇಳಿದರೆ ಅದು ಸಾಯಬಹುದು, ಬಿಸಿಲು ಮದ್ದನ್ನು ಕೆಡಿಸುತ್ತದೆ. ತೋಟಾ ಹಪ್ಪಳವಲ್ಲ.

ಪ್ರಶ್ನೆ: ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದಲ್ಲ, ಅಲ್ಲಿಡಬಹುದೇ?

ಉತ್ತರ: ಬೇಡ. ಹಗಲು ಕಾದು ರಾತ್ರಿ ತಣಿಯುವ ಜಾಗವದು. ಬೀಗ ಹಾಕಿದ ಬಿಗಿ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತಂಪು ಕೋಣೆ.

ಪ್ರಶ್ನೆ: ಕೆಟ್ಟ ತೋಟಾಗಳನ್ನು ಹೂಳಬೇಕೋ, ಕೆರೆಗೆ ಎಸೆಯಬೇಕೋ?

ಉತ್ತರ: ಎರಡೂ ಅಲ್ಲ, ಬೆಂಕಿಗಂತೂ ಅಲ್ಲವೇ ಅಲ್ಲ. ಬಿಚ್ಚಿ ಮದ್ದು ಸುರಿಯುವ ಸಾಹಸವೂ ಬೇಡ. ಬೇರೆ ಡಬ್ಬಿಯಲ್ಲಿಟ್ಟು ‘ಕೆಟ್ಟದ್ದು’ ಎಂದು ಬರೆಯಿರಿ. ಪೊಲೀಸ್ ಠಾಣೆಗೆ ಫೋನ್ ಮಾಡಿ ಕೇಳಿ, ಲೈಸೆನ್ಸ್ ಅಥವಾ ಅದರಿಂದ ವಿನಾಯಿತಿ ಕೊಟ್ಟ ಪತ್ರದೊಂದಿಗೆ ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ.

ಪ್ರಶ್ನೆ: ಖಾಲಿ ಕೇಸ್‌ಗೆ ಅಗ್ಗದಲ್ಲಿ ಮದ್ದು ತುಂಬಿಕೊಡುವವರು ಸಿಕ್ಕಿದ್ದಾರೆ.

ಉತ್ತರ: ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕಾಯ್ದೆಯ ಮಾತು ಬಿಟ್ಟರೂ, ಅಂಥವರು ಒಂದು ಕೇಸ್‌ಗೆ ಮದ್ದು ಹಾಕಲು ಮರೆಯುತ್ತಾರೆ, ಇನ್ನೊಂದಕ್ಕೆ ಎರಡು ಸಲ ಹಾಕುತ್ತಾರೆ. ಯಾವುದು ಯಾವುದೆಂದು ಹೊರಗಿನಿಂದ ಕಾಣುವುದಿಲ್ಲ.