"ನೋಡೋಣ" ಅನ್ನುತ್ತಿದ್ದ ಮ್ಯಾನೇಜರ್: ಒಂದು ಆಪ್ತಸಲಹೆ ಪ್ರಕರಣ

ಇದು ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬ ಮ್ಯಾನೇಜರ್ ಕಥೆ. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಕೆಲಸದ ಸ್ವರೂಪ, ಕೆಲವು ಅಂಕಿಗಳು, ಇನ್ನೂ ಒಂದೆರಡು ವಿವರ ಬದಲಿಸಿದ್ದೇನೆ. ಹೆಸರು ಬೇಡ, "ಅವರು" ಅಂತಲೇ ಹೇಳುತ್ತೇನೆ.

ಅವರು ನನ್ನ ಹತ್ತಿರ ಬಂದಿದ್ದು ಆಫೀಸಿನ ವಿಷಯ ಮಾತಾಡಲು ಅಲ್ಲ, ನಿದ್ದೆ ಬರಲ್ಲ ಅಂತ. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಆಮೇಲೆ ಕಣ್ಣು ಮುಚ್ಚಿದರೂ ತಲೆಯೊಳಗೆ ಲೆಕ್ಕ ಓಡುತ್ತಲೇ ಇರುತ್ತದೆ, ಎದೆ ಡವಡವ. ಎದೆಬಡಿತದ ಮಾತು ಬಂದರೆ ನಾನು ಮೊದಲು ಡಾಕ್ಟರ್ ಹತ್ತಿರ ಕಳಿಸುತ್ತೇನೆ, ಅದರಲ್ಲಿ ರಾಜಿ ಇಲ್ಲ. ಇಸಿಜಿ, ಥೈರಾಯ್ಡ್ ಎರಡೂ ಸರಿ ಇದೆ ಅಂತ ರಿಪೋರ್ಟ್ ತಂದ ಮೇಲೆ ಕೂತು ಮಾತಾಡಿದೆವು.

ಒಂಬತ್ತು ಜನರ ತಂಡ. ಎರಡು ವರ್ಷದ ಹಿಂದೆ ಅದೇ ತಂಡದಿಂದ ಮೇಲೆ ಬಂದವರು ಇವರು. ನಿನ್ನೆಯವರೆಗೆ ಪಕ್ಕದಲ್ಲಿ ಕೂತು ಕಷ್ಟಸುಖ ಹೇಳಿಕೊಂಡವರಿಗೆ ಇವತ್ತು "ರಜೆ ಇಲ್ಲ, ದುಡ್ಡಿಲ್ಲ" ಅನ್ನುವುದು ಯಾರಿಗಾದರೂ ಕಷ್ಟವೇ.

"ಮೇಡಂ, ನಾನು ಎಲ್ಲರಿಗೂ ಒಳ್ಳೇದೇ ಮಾಡಿದೀನಿ. ಆದ್ರೂ ಎಲ್ಲರಿಗೂ ನನ್ನ ಮೇಲೆ ಸಿಟ್ಟು. ದುಡ್ಡು ಜಾಸ್ತಿ ಖರ್ಚು ಮಾಡ್ತಿದೀನಿ ಅಂತ ಮೇಲಿನವರಿಗೂ ಸಿಟ್ಟು."

ವರ್ಷದಲ್ಲಿ ಎಂಟು ತಿಂಗಳು ಮುಗಿದಿತ್ತು. ಅಂದರೆ ಹೆಚ್ಚುಕಡಿಮೆ 67% ಕಾಲ. ಓವರ್‌ಟೈಮಿಗೆ ಅಂತ ಇಟ್ಟಿದ್ದ ಹಣ ಮಾತ್ರ 84% ಖಾಲಿ. ಉಳಿದ ನಾಲ್ಕು ತಿಂಗಳಿಗೆ ಒಂದು ಪೈಸೆಯೂ ಹೆಚ್ಚು ಸಿಗಲ್ಲ ಅಂತ ಮೇಲಿನವರು ಖಡಕ್ಕಾಗಿ ಹೇಳಿದ್ದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮೊದಲ ದಿನವೇ ಲೆಕ್ಕಕ್ಕೆ ಇಳಿದುಬಿಟ್ಟೆ. ಎಷ್ಟು ಗಂಟೆ, ಯಾರಿಗೆ, ಯಾಕೆ ಅಂತ ಕೇಳುತ್ತಾ ಹೋದೆ. ಅವರು ಬ್ಯಾಗಿನಿಂದ ತೆಗೆದಿದ್ದ ಡೈರಿಯನ್ನು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಆಫೀಸಿನಲ್ಲಿ ದಿನಾ ಎದುರಿಸುವ ವಿಚಾರಣೆಯನ್ನೇ ನಾನೂ ಶುರು ಮಾಡಿದ್ದೆ ಅಲ್ವಾ? ಆ ದಿನ ಮಿಕ್ಕ ಹೊತ್ತೆಲ್ಲ ನಿದ್ದೆಯ ಬಗ್ಗೆ, ಮನೆಯ ಬಗ್ಗೆ ಮಾತಾಡಿದೆವು. ಡೈರಿ ತೆರೆದದ್ದು ಎರಡನೇ ಭೇಟಿಯಲ್ಲಿ, ಅವರಾಗಿಯೇ.

ಅಂಗೈಯಗಲದ ಡೈರಿ, ರಬ್ಬರ್ ಬ್ಯಾಂಡ್ ಹಾಕಿದ್ದು. ಯಾರ್ಯಾರಿಗೆ ಏನೇನು ಹೇಳಿದ್ದೇನೆ ಅನ್ನುವುದು ಮರೆತುಹೋಗಬಾರದು ಅಂತ ಬರೆದಿಡುತ್ತಿದ್ದರು. "ಶನಿವಾರ ಬಿಡ್ತೀನಿ ಅಂದಿದೀನಿ." "ಹೊಸ ಲ್ಯಾಪ್‌ಟಾಪ್, ನೋಡೋಣ ಅಂದೆ." "ಇಂಕ್ರಿಮೆಂಟ್, ಮಾತಾಡ್ತೀನಿ ಅಂದೆ, ಯಾರಿಗೂ ಹೇಳಬೇಡ ಅಂದೆ." ಡೈರಿಯ ಜೊತೆ ಮಡಚಿಟ್ಟ ಓವರ್‌ಟೈಮ್ ಹಾಳೆ. ಅದು ಪೆನ್ಸಿಲ್‌ನಲ್ಲಿ ಬರೆದದ್ದು. ಹೆಸರು ಬರೆದು, ಅಳಿಸಿ, ಮತ್ತೆ ಬರೆದು ಒಂದೆರಡು ಕಡೆ ಹಾಳೆಯೇ ತೂತಾಗಿತ್ತು.

ಇಬ್ಬರೂ ಕೂತು ಎಣಿಸಿದೆವು. ಅಂಥ ಮಾತುಗಳು ಒಟ್ಟು 14. ಅದರಲ್ಲಿ 11 ಮೂರೇ ಜನಕ್ಕೆ ಕೊಟ್ಟವು, ಪದೇಪದೇ ಬಂದು ಬಾಗಿಲು ತಟ್ಟುವ ಮೂವರಿಗೆ. ಓವರ್‌ಟೈಮಿನ ಬಹುಪಾಲೂ ಅವರಿಗೇ. ಬಾಯಿಬಿಟ್ಟು ಕೇಳದ ನಾಲ್ವರ ಹೆಸರು ಡೈರಿಯಲ್ಲಿ ಇರಲೇ ಇಲ್ಲ. ಅಳುವ ಮಗುವಿಗೇ ಹಾಲು ಅನ್ನುತ್ತಾರಲ್ಲ, ಹಾಗಾಗಿತ್ತು. ಅವರು ಹಾಳೆಯನ್ನು ದಿಟ್ಟಿಸಿ ನೋಡಿ, "ಇವಳು ಒಂದೂ ಕೇಳಿಲ್ಲ ಮೇಡಂ, ನಾನೂ ಕೇಳಿಲ್ಲ," ಅಂದು ಸುಮ್ಮನಾದರು.

ಈಗ "ನೋಡೋಣ" ಅನ್ನುವ ಮಾತಿಗೆ ಬರುತ್ತೇನೆ, ಇಡೀ ಪ್ರಕರಣದ ಗಂಟು ಇರುವುದೇ ಅಲ್ಲಿ. ನಮ್ಮ ಮಾತಿನಲ್ಲಿ "ನೋಡೋಣ" ಅಂದರೆ ಹೇಳುವವರಿಗೆ "ಆಗಲ್ಲ, ಆದರೆ ನಿಮ್ಮ ಮನಸ್ಸು ನೋಯಿಸಲು ಇಷ್ಟವಿಲ್ಲ" ಅಂತ. ಕೇಳುವವರಿಗೆ, ಅದರಲ್ಲೂ ಆಸೆಯಿಂದ ಕೇಳುವವರಿಗೆ, ಅದು "ಆಗುತ್ತೆ, ಸ್ವಲ್ಪ ಕಾಯಿ" ಅಂತ. ಒಂದೇ ಮಾತು, ಎರಡು ಅರ್ಥ. ಇವರು ದಿನಕ್ಕೆ ನಾಲ್ಕೈದು ಬಾರಿ "ನೋಡೋಣ" ಅಂದು, ಕೊನೆಗೆ ಮುಖ ತಪ್ಪಿಸಿಕೊಳ್ಳಲಾಗದೆ ಒಂದೊಂದನ್ನಾಗಿ ನಡೆಸಿಕೊಡುತ್ತಾ ಬಂದಿದ್ದರು. ಬಜೆಟ್ ಸೋರಿದ್ದು ಅಲ್ಲೇ. ಬಿಲ್ ಬಂದಾಗ ದುಡ್ಡು ಖರ್ಚಾಗುತ್ತದೆ ಅಂತ ಅವರ ಲೆಕ್ಕ. ಕೊಟ್ಟ ಮಾತನ್ನು ಉಳಿಸಿಕೊಳ್ಳಲೇಬೇಕು ಅನ್ನುವವರಿಗೆ ದುಡ್ಡು ಖರ್ಚಾಗುವುದು ಮಾತು ಕೊಟ್ಟ ದಿನವೇ.

ನ್ಯಾಯ ತಪ್ಪಿದ್ದೂ ಅಲ್ಲೇ. ಒಬ್ಬರನ್ನು ಒಳಗೆ ಕರೆದು ಗುಟ್ಟಾಗಿ ಮಾಡಿದ ಉಪಕಾರ ಹೊರಗೆ ಕೂತ ಎಂಟು ಜನಕ್ಕೆ ಅನ್ಯಾಯವಾಗಿ ಕಾಣುತ್ತದೆ, ಮತ್ತೆ ಅದು ಗುಟ್ಟಾಗಿ ಉಳಿಯುವುದೂ ಇಲ್ಲ. ಮನುಷ್ಯ ತನಗೆ ಎಷ್ಟು ಸಿಕ್ಕಿತು ಅಂತ ಮಾತ್ರ ನೋಡಲ್ಲ. ತಾನು ಹಾಕಿದ ದುಡಿಮೆಗೆ ಸಿಕ್ಕಿದ್ದನ್ನು, ಪಕ್ಕದವರ ದುಡಿಮೆಗೆ ಅವರಿಗೆ ಸಿಕ್ಕಿದ್ದರ ಜೊತೆ ತೂಗಿ ನೋಡುತ್ತಾನೆ. ಜಾನ್ ಸ್ಟೇಸಿ ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞ 1963ರಲ್ಲೇ ಇದನ್ನು ವಿವರಿಸಿದ್ದರು. ಈ ತಂಡದಲ್ಲಿ ಆ ತಕ್ಕಡಿ ತೂಗಿದ್ದು ಇಂಕ್ರಿಮೆಂಟಿನ ವಿಷಯದಲ್ಲಿ. ಕೆಲಸ ಬಿಡುತ್ತೇನೆ ಅಂದ ಒಬ್ಬ ಹಳಬರಿಗೆ ಇವರು ಒಳಗೊಳಗೇ ಭರವಸೆ ಕೊಟ್ಟಿದ್ದರು. ಮೂರು ವಾರದಲ್ಲಿ ಅದು ಎಲ್ಲರಿಗೂ ಗೊತ್ತಾಯಿತು. ಹಾಗೆ ಕೊಡುವ ಅಧಿಕಾರವೇ ಇವರಿಗೆ ಇರಲಿಲ್ಲ!

ಸಲಹೆ ಕೊಡುವ ಮೊದಲು ನಾನು ಕೇಳಿದ್ದು ಒಂದೇ: "ಈ 14ರಲ್ಲಿ ಯಾವುದರ ಕಾರಣವನ್ನು ಒಂಬತ್ತೂ ಜನ ಎದುರಿಗೆ ಕೂತಿರುವಾಗ ತಲೆ ಎತ್ತಿ ಹೇಳಬಲ್ಲಿರಿ?" ಅವರು ಡೈರಿ ಹಿಡಿದು ಟಿಕ್ ಹಾಕಿದರು. ಆರಕ್ಕೆ ಟಿಕ್ ಬಿತ್ತು. ಒಬ್ಬರ ತಾಯಿಗೆ ಆಪರೇಷನ್ ಆದಾಗ ಬೇಗ ಮನೆಗೆ ಬಿಟ್ಟದ್ದು ಅದರಲ್ಲಿ ಒಂದು. ನನ್ನ ಪ್ರಕಾರ ಅದು ಪೂರ್ತಿ ನ್ಯಾಯ. ಎಲ್ಲರಿಗೂ ಸಮಸಮ ಹಂಚುವುದೇ ನ್ಯಾಯ ಅಂತ ನಾನು ನಂಬಲ್ಲ. ಕಷ್ಟದಲ್ಲಿ ಇರುವವರಿಗೆ ಹೆಚ್ಚು ಕೊಡಬಹುದು, ಆದರೆ ನಾಳೆ ಬೇರೆಯವರ ಮನೆಯಲ್ಲಿ ಅದೇ ಕಷ್ಟ ಬಂದರೆ ಅವರಿಗೂ ಅಷ್ಟೇ ಕೊಡಬೇಕು.

ಟಿಕ್ ಬೀಳದ ಎಂಟನ್ನು ಏನು ಮಾಡುವುದು? ಸುಮ್ನೆ ಮರೆತಂತೆ ಇದ್ದುಬಿಡಬೇಡಿ ಅಂದೆ. ಒಬ್ಬೊಬ್ಬರನ್ನೇ ಕಂಡು, "ನಾನು ಹೇಳಬಾರದಿತ್ತು, ಹೇಳಿದ್ದು ನನ್ನ ತಪ್ಪು" ಅಂತ ಬಾಯಿಬಿಟ್ಟು ಹೇಳಿ. ಇಂಕ್ರಿಮೆಂಟಿನ ವಿಷಯವನ್ನು ಮೊದಲು ನಿಮ್ಮ ಮೇಲಿನವರಿಗೆ ನೀವೇ ತಿಳಿಸಿ, ಬೇರೆಯವರಿಂದ ಅವರ ಕಿವಿಗೆ ಬೀಳುವುದು ಬೇಡ. ಆ ಮಾತುಗಳನ್ನು ನನ್ನ ರೂಮಿನಲ್ಲೇ ಅಭ್ಯಾಸ ಮಾಡಿದೆವು, ನಾನು ಆ ಹಳಬರಾಗಿ ಕೂತೆ. ಮೊದಲ ಸಲ ಅವರು ಹತ್ತು ನಿಮಿಷ ಪೀಠಿಕೆ ಹಾಕಿ ಕೊನೆಗೆ ಮತ್ತೆ "ನೋಡೋಣ" ಅಂದುಬಿಟ್ಟರು. ನಾಲ್ಕನೇ ಸಲಕ್ಕೆ ಎರಡೇ ವಾಕ್ಯದಲ್ಲಿ ಹೇಳಿದರು, ಧ್ವನಿ ನಡುಗುತ್ತಿತ್ತು, ಆದರೂ ಹೇಳಿದರು.

ಇನ್ನು ದುಡ್ಡಿನ ಕೊರತೆಯನ್ನು ತಂಡಕ್ಕೆ ತಿಳಿಸುವುದು. ನಾಲ್ಕು ಸಾಲಿನ ಇಮೇಲ್ ಕಳಿಸಿ ಮುಗಿಸುತ್ತೇನೆ ಅಂತ ಅವರ ಯೋಚನೆ. ನಾನು ಅವರಿಗೆ ಜೆರಾಲ್ಡ್ ಗ್ರೀನ್‌ಬರ್ಗ್ ಅವರ 1990ರ ಅಧ್ಯಯನದ ಕಥೆ ಹೇಳಿದೆ. ಒಂದು ಕಂಪನಿ ತನ್ನ ಎರಡು ಕಾರ್ಖಾನೆಗಳಲ್ಲಿ 10 ವಾರ ಸಂಬಳವನ್ನು 15% ಕಡಿತ ಮಾಡಿತು. ಒಂದು ಕಡೆ ಜನರನ್ನು ಕೂರಿಸಿ, ಕಾರಣ ವಿವರವಾಗಿ ತೋರಿಸಿ, ಬೇಸರ ಹೇಳಿಕೊಂಡು, ಪ್ರಶ್ನೆಗೆಲ್ಲ ಉತ್ತರ ಕೊಟ್ಟರು. ಇನ್ನೊಂದು ಕಡೆ ಚುಟುಕಾಗಿ ಹೇಳಿ ಮುಗಿಸಿದರು. ಕಡಿತ ಎರಡೂ ಕಡೆ ಒಂದೇ, ಆದರೆ ಚುಟುಕಾಗಿ ಹೇಳಿದ ಕಡೆ ಕಳ್ಳತನ ಇನ್ನೊಂದು ಕಡೆಗಿಂತ ಹೆಚ್ಚು ನಡೆಯಿತು. ಇದನ್ನು ಕೇಳಿದ ಮೇಲೆ ಅವರು ಇಮೇಲ್ ಬಿಟ್ಟು ಮೀಟಿಂಗ್ ಕರೆದರು. ಇದ್ದ ಅಂಕಿಗಳನ್ನು ಬೋರ್ಡ್ ಮೇಲೆ ಬರೆದರು, ಒಬ್ಬೊಬ್ಬರ ಸಂಬಳವನ್ನಲ್ಲ, ಓವರ್‌ಟೈಮಿಗೆ ಉಳಿದದ್ದನ್ನು ಮಾತ್ರ. "ಇಷ್ಟೇ ಇದೆ. ಹೇಗೆ ಮಾಡೋಣ ಹೇಳಿ," ಅಂದರು.

ಉತ್ತರ ಬಂದದ್ದು ಡೈರಿಯಲ್ಲಿ ಹೆಸರೇ ಇಲ್ಲದ ಆ ಹುಡುಗಿಯಿಂದ. ವಾರದ ಕೊನೆಯ ಓವರ್‌ಟೈಮ್ ಆಗುತ್ತಿರುವುದು ಕೆಲಸ ಜಾಸ್ತಿ ಆಗಿ ಅಲ್ಲ, ಅನುಮೋದನೆ ಗುರುವಾರ ಸಂಜೆ ಬರುವುದರಿಂದ, ಆಮೇಲೆ ಅರ್ಧ ಕೆಲಸ ಮತ್ತೆ ಮಾಡಬೇಕಾಗುತ್ತದೆ ಅಂದಳು. ಅನುಮೋದನೆ ಕೊಡಬೇಕಾದವರು ಇವರೇ! ಅದನ್ನು ಮಂಗಳವಾರಕ್ಕೆ ತಂದದ್ದರಿಂದಲೇ ಖರ್ಚು ಗಣನೀಯವಾಗಿ ಇಳಿಯಿತು. ಮಿಕ್ಕ ಓವರ್‌ಟೈಮಿಗೆ ಸರದಿ ಮಾಡಿದರು: ಸರದಿ ಬಂದವರನ್ನು ಮೊದಲು ಕೇಳುವುದು, ಬೇಡ ಅಂದರೆ ಮುಂದಿನವರು, ಬೇಡ ಅಂದವರ ಮೇಲೆ ಮುನಿಸಿಲ್ಲ.

"ನೋಡೋಣ" ಬದಲಿಗೆ ಒಂದು ಮಾತು ಹೇಳಿಕೊಟ್ಟೆ: "ಶುಕ್ರವಾರ ಹೇಳ್ತೀನಿ." ಶುಕ್ರವಾರ ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಲೇಬೇಕು, ಜೊತೆಗೆ ಕಾರಣ. ಅದೇ ದಿನ ಬೆಳಗ್ಗೆ ಅರ್ಧ ಗಂಟೆ ಖರ್ಚಿನ ಹಾಳೆ ತೆಗೆದು ಮೂರು ಕಾಲಂ ನೋಡಿಕೊಳ್ಳುವುದು: ಆಗಿಹೋದ ಖರ್ಚು, ಒಪ್ಪಿಕೊಂಡಿರುವ ಆದರೆ ಬಿಲ್ ಬಾರದ ಖರ್ಚು, ನಿಜವಾಗಿ ಉಳಿದದ್ದು. ನಡುವಿನ ಕಾಲಂ ಮರೆಯುವವರೇ ಹೆಚ್ಚು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ವರ್ಷದ ಕೊನೆಗೆ ಓವರ್‌ಟೈಮ್ ಲೆಕ್ಕ ಇಟ್ಟಿದ್ದಕ್ಕಿಂತ 6% ದಾಟಿತ್ತು, ಮೇಲಿನವರಿಂದ ಮಾತು ಕೇಳಬೇಕಾಯಿತು. ಇಂಕ್ರಿಮೆಂಟ್ ಸಿಗದ ಆ ಹಳಬರು ಎರಡು ತಿಂಗಳಲ್ಲಿ ಕೆಲಸ ಬಿಟ್ಟರು. ಹೋಗುವ ದಿನ ಇವರ ಜೊತೆ ಮಾತಾಡಲಿಲ್ಲವಂತೆ. ಅದನ್ನು ಹೇಳುವಾಗ ಅವರು ಅತ್ತರು. ಅಷ್ಟು ವರ್ಷದ ಸ್ನೇಹ ಅದು. ಅದಕ್ಕೆ ನನ್ನ ಹತ್ತಿರ ಸಲಹೆ ಏನೂ ಇರಲಿಲ್ಲ, ಸುಮ್ನೆ ಜೊತೆಗೆ ಕೂತಿದ್ದೆ.

ನಿದ್ದೆ ಈಗ ಐದರವರೆಗೆ ಬರುತ್ತಿದೆ. ಕಳೆದ ಸಲ ಬಂದಾಗ ಓವರ್‌ಟೈಮ್ ಹಾಳೆ ತೋರಿಸಿದರು. ಪೆನ್ನಿನಲ್ಲಿ ಬರೆದಿದ್ದರು, ಅದರ ಒಂದು ಪ್ರತಿಯನ್ನು ತಂಡದ ಗೋಡೆಗೂ ಅಂಟಿಸಿದ್ದಾರಂತೆ. ಮುಂದಿನ ಭೇಟಿ ಇನ್ನು ಆರು ವಾರಕ್ಕೆ.